ಸರದಾರನ ಕೆಂಪು ಕಂಬಳಿ

ನಮ್ಮೂರಿನ ಓಣಿಗಳಿಗೆ ಒಂದು ಚಟವಿದೆ. ಜನ ಮಲಗಿದ ಮೇಲೆ ಅವು ಮಗ್ಗುಲು ಬದಲಿಸುತ್ತವೆ. ನಿನ್ನೆ ಬಾವಿಗೆ ಹೋಗುತ್ತಿದ್ದ ಓಣಿ ಬೆಳಗಾಗುವಷ್ಟರಲ್ಲಿ ಹಿಟ್ಟಿನ ಗಿರಣಿಯ ಮುಂದೆ ಹೋಗಿ ನಿಂತಿರುತ್ತದೆ, ಗಿರಣಿಯ ಓಣಿ ಶಾಲೆಯ ಹಿತ್ತಲಿಗೆ ಬಾಯಿ ತೆರೆದಿರುತ್ತದೆ. ಹೊರಗಿನವರು ಇದನ್ನು ಕೇಳಿ ಕಣ್ಣು ಕಣ್ಣು ಬಿಡುತ್ತಾರೆ. ನಮಗೆ ಅದೇನು ದೊಡ್ಡ ಸಂಗತಿಯಲ್ಲ, ನಮ್ಮ ಹತ್ತಿರ ನಾಯಿಗಳಿವೆ. ಬೂದು ಮೈ, ನೀಳ ಮೂತಿ, ಬಾಲದ ತುದಿಗೊಂದು ಬಿಳಿ ಕುಚ್ಚು. ಬೆಳಿಗ್ಗೆ ಎದ್ದು ಹಗ್ಗ ಕೈಗೆ ತೆಗೆದುಕೊಂಡು ‘ಗಿರಣಿ’ ಎಂದರೆ ಸಾಕು, ಮೂತಿ ನೆಲಕ್ಕಿಟ್ಟು ಆ ದಿನದ ದಾರಿ ಹುಡುಕಿ ನೆಟ್ಟಗೆ ಗಿರಣಿಗೆ ಒಯ್ದು ನಿಲ್ಲಿಸುತ್ತವೆ.

ಇಂಥ ಊರಿನಲ್ಲಿ ನಾಯಿಯಿಲ್ಲದ ಮನೆ ಎಂದರೆ ಬಾಗಿಲಿಲ್ಲದ ಮನೆ. ಮಗಳನ್ನು ಕೊಡುವಾಗ ಉಡಿಯಲ್ಲಿ ಅಕ್ಕಿ ಹಾಕುವ ಹಾಗೆ ಕೈಗೊಂದು ಮರಿಯನ್ನೂ ಕೊಡುತ್ತೇವೆ. ಹಾಗಾಗಿ ಯಾವ ಹೆಣ್ಣುನಾಯಿಗೆ ಯಾವ ಗಂಡು ಎಂಬುದು ಇಲ್ಲಿ ಹಾದಿಬೀದಿಯ ಮಾತಲ್ಲ. ಅದನ್ನು ಹೇಳುವವಳು ನಾನು, ತಿರಕವ್ವ. ನನಗಿಂತ ಮುಂಚೆ ನನ್ನ ಅತ್ತೆ ಹೇಳುತ್ತಿದ್ದಳು. ನಾನು ಹೂಂ ಎಂದರೆ ಎರಡು ಮನೆಗಳು ಸಕ್ಕರೆ ಹಂಚಿಕೊಂಡು ಬೀಗರಾಗುತ್ತವೆ, ಆಮೇಲೆ ಖರೇ ಬೀಗರಂತೆಯೇ ಜಗಳಾಡುತ್ತವೆ.

ಗಂಡನ್ನು ಆರಿಸುವುದಕ್ಕೆ ಒಂದು ಕ್ರಮವಿತ್ತು. ಯಾವುದೋ ಒಂದು ನಾಯಿ ನಾಲ್ಕೈದು ವರ್ಷಕ್ಕೆ ಬರುವಾಗ ಜಿಗಿಯುವುದನ್ನು ಬಿಡುತ್ತದೆ, ಬೊಗಳುವುದನ್ನು ಬಿಡುತ್ತದೆ. ಮೈ ತುಂಬಿಕೊಂಡು ಒಲೆಯ ಬದಿಗೆ ಕುಳಿತುಬಿಡುತ್ತದೆ. ಮುಖ ಜೋತು, ಲೋಕದ ದುಃಖವನ್ನೆಲ್ಲ ಕಂಡುಬಂದಂತೆ ಆಗುತ್ತದೆ. ಆಗ ‘ಇದಕ್ಕೆ ಹಿರೇತನ ಬಂತು’ ಎನ್ನುತ್ತಿದ್ದೆವು. ಬಾಲದ ಕುಚ್ಚು ಉದುರಿದರೆ ‘ಮುಡಿ ಕೊಟ್ಟಿತು’ ಎಂದು ಕೈಮುಗಿಯುತ್ತಿದ್ದೆವು. ಹುಣ್ಣಿಮೆಯ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಅದಕ್ಕೆ ಕೆಂಪು ಕಂಬಳಿ ಹೊದಿಸಿದರೆ ಮುಗಿಯಿತು, ಆ ವರ್ಷ ಊರಿನ ಹೆಣ್ಣುನಾಯಿಗಳೆಲ್ಲ ಅದಕ್ಕೇ. ಹದಿನಾರು ವರ್ಷಗಳಲ್ಲಿ ಒಂಬತ್ತು ನಾಯಿಗಳಿಗೆ ನನ್ನ ಕೈಯಿಂದಲೇ ಕಂಬಳಿ ಹೊದಿಸಿದ್ದೆ.

ನನ್ನ ಅತ್ತೆಯ ಕಾಲದಲ್ಲಿ ಯಾರೂ ಕೈಯಲ್ಲಿ ಮಣೆ ಹಿಡಿದು ಓಡಾಡುತ್ತಿರಲಿಲ್ಲ. ನನ್ನ ಕಾಲಕ್ಕೆ ಅದು ಬಂತು. ನಡುದಾರಿಯಲ್ಲಿ ನಾಯಿ ಕುಳಿತರೆ ಅದು ಏಳುವ ತನಕ ನಾವೂ ಕೂರಬೇಕಲ್ಲ? ಮಣೆ ಹಾಕಿಕೊಂಡು, ಹುರಿದ ಶೇಂಗಾ ಸುಲಿಯುತ್ತ ಕೂರುತ್ತಿದ್ದೆವು. ಶಾಲೆಯ ಅಕ್ಕೋರು ಅರ್ಧ ಪಾಠವನ್ನು ಓಣಿಯಲ್ಲೇ ಮುಗಿಸುತ್ತಿದ್ದರು. ಒಂದು ಸಲ ಮದುವೆಯ ದಿಬ್ಬಣ ಎಣ್ಣೆಗಾಣದ ಮುಂದೆ ನಿಂತುಬಿಟ್ಟು, ಮುಹೂರ್ತ ಮೀರುತ್ತದೆಂದು ಅಲ್ಲಿಯೇ ತಾಳಿ ಕಟ್ಟಿದರು. ಇವತ್ತಿಗೂ ಆ ಸೊಸೆಯನ್ನು ಗಾಣದ ಸೊಸೆ ಎಂದೇ ಕರೆಯುತ್ತಾರೆ. ಇಷ್ಟಾದರೂ ನಾಯಿಗೆ ಏನೋ ಆಗಿದೆ ಎಂದು ಒಬ್ಬರೂ ಅನ್ನಲಿಲ್ಲ. ಮೊದಮೊದಲು ಏಳು ವರ್ಷಕ್ಕೆ ಬರುತ್ತಿದ್ದ ಹಿರೇತನ ಐದಕ್ಕೆ ಬಂತು, ಆಮೇಲೆ ನಾಲ್ಕಕ್ಕೂ ಬಂತು. ‘ನಮ್ಮೂರ ನಾಯಿಗಳು ಲಗೂನೇ ಜ್ಞಾನಿಗಳಾಗತಾವ’ ಎಂದು ನಾವು ಎದೆ ಉಬ್ಬಿಸಿದೆವು. ಎಲ್ಲರಿಗಿಂತ ಹೆಚ್ಚು ಉಬ್ಬಿಸಿದವಳು ನಾನೇ.

ಆ ವರ್ಷ ಹಿರೇತನ ಬಂದದ್ದು ನನ್ನ ಸರದಾರನಿಗೆ. ಅವನ ತಾಯಿ ಹೆತ್ತ ವಾರಕ್ಕೇ ಸತ್ತಿದ್ದಳು. ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಅವನ ಬಾಯಿಗಿಟ್ಟು ಸಾಕಿದವಳು ನಾನು. ಎರಡು ವರ್ಷದವನಿದ್ದಾಗ ಅವನ ಹಗ್ಗ ಹಿಡಿದು ಹೊರಟರೆ ನನ್ನ ಸೆರಗು ಒಂದು ಓಣಿಯಲ್ಲಿ, ಚಪ್ಪಲಿ ಇನ್ನೊಂದು ಓಣಿಯಲ್ಲಿ. ನಾಲ್ಕು ತುಂಬುವಷ್ಟರಲ್ಲಿ ಅವನು ಒಲೆಯ ಮಗ್ಗುಲು ಬಿಟ್ಟು ಏಳದಾದ. ಊರಿನ ಹಿರೀಕರಾದ ಈರಸಂಗಪ್ಪನವರು ಮನೆಗೇ ಬಂದು ಅವನ ಬೋಳು ಬಾಲ ನೋಡಿದರು.

“ತಿರಕವ್ವಾ, ಪುಣ್ಯಾ ಮಾಡೀಯವ್ವಾ. ನಾಕ ವರ್ಷಕ್ಕ ಮುಡಿ ಕೊಟ್ಟಾನಂದ್ರ ಇಂವ ನಾಯಿ ಅಲ್ಲ, ಶರಣ. ಹುಣ್ಣಿಮಿಗೆ ಕಂಬಳಿ ಇವಂಗs. ಇಪ್ಪತ್ತೆರಡು ಹೆಣ್ಣು ಕಾಯಾಕತ್ತಾವು.”

ನನಗೆ ಎಷ್ಟು ಹಿಗ್ಗಾಯಿತೆಂದರೆ ಅವರಿಗೆ ಎರಡು ಸಲ ಚಹಾ ಮಾಡಿಕೊಟ್ಟೆ.

ಇನ್ನು ನನ್ನ ಸಂಗತಿ ಸ್ವಲ್ಪ ಹೇಳಬೇಕು. ಮದುವೆಯಾಗಿ ಬಂದಾಗ ನಾನು ಬಾಯಿಬಡಕಿ. ಮೂವತ್ತು ದಾಟಿದ ಮೇಲೆ ಅದೇನಾಯಿತೋ, ಮಾತು ನಿಂತಿತು. ಮೈ ಊದಿತು, ಬಾಚಣಿಕೆಯ ತುಂಬ ಕೂದಲು ಬರತೊಡಗಿತು. ಸುಡುಬಿಸಿಲಿನಲ್ಲೂ ಶಾಲು ಹೊದ್ದು ಒಲೆಯ ಮುಂದೆ ಕೂರುತ್ತಿದ್ದೆ. ನನ್ನನ್ನು ಆಗ ಎಲ್ಲರೂ ಹೊಗಳಿದರು. ‘ಎಷ್ಟು ಗಂಭೀರ ಹೆಂಗಸು, ಒಂದು ತುಟಿಪಿಟಕ್ಕಿಲ್ಲ’ ಎಂದರು. ನನ್ನ ಅವ್ವನನ್ನೂ ಹೀಗೆಯೇ ದೇವರಂಥ ಹೆಂಗಸು ಎಂದು ಹೊಗಳುತ್ತಲೇ ಮಣ್ಣಿಗೆ ಕಳಿಸಿದ್ದರು. ಆರು ವರ್ಷ ನಾನು ಆ ಹೊಗಳಿಕೆಯೊಳಗೆ ಬೇಯುತ್ತ ಕುಳಿತಿದ್ದೆ. ಕಡೆಗೆ ಪರಸ್ಥಳದ ಡಾಕ್ಟರೊಬ್ಬರು ಕುತ್ತಿಗೆ ಮುಟ್ಟಿ ನೋಡಿ, ರಕ್ತ ತೆಗೆಸಿ, ಥೈರಾಯ್ಡ್ ಎಂದರು. ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಗುಳಿಗೆ, ಸಾಯುವ ತನಕ. ಮೂರು ತಿಂಗಳಿಗೆ ನಾನು ನಮ್ಮ ಮನೆಯವರ ಜೊತೆ ಆರು ವರ್ಷದಲ್ಲಿ ಮೊದಲನೆಯ ಜಗಳ ಆಡಿದೆ. ಅವರು ಎಷ್ಟು ಖುಷಿಪಟ್ಟರೆಂದರೆ ಓಡಿಹೋಗಿ ಗಿರಮಿಟ್ಟು ಮಿರ್ಚಿ ಕಟ್ಟಿಸಿಕೊಂಡು ಬಂದರು.

ಹುಣ್ಣಿಮೆಗೆ ಹದಿನೈದು ದಿನವಿತ್ತು. ಗುಳಿಗೆ ಬಾಯಿಗಿಟ್ಟು ನೀರು ಕುಡಿಯುತ್ತ ಎಡಗೈಯಿಂದ ಸರದಾರನ ಬೆನ್ನು ಸವರಿದೆ. ಅಂಗೈ ತುಂಬ ಕೂದಲು ಬಂತು. ಮುಖ ನೋಡಿದೆ. ಊದಿದ ರೆಪ್ಪೆ, ಜೋತ ಗಲ್ಲ, ಯಾವುದರಲ್ಲೂ ಮನಸ್ಸಿಲ್ಲದ ಕಣ್ಣು. ಆ ಮುಖ ನನಗೆ ಗೊತ್ತಿತ್ತು. ಆರು ವರ್ಷ ಅದನ್ನು ನನ್ನ ಕನ್ನಡಿಯಲ್ಲಿ ದಿನಾ ನೋಡಿದ್ದೆ. ಲೋಟ ಕೆಳಗಿಟ್ಟು ಅವನ ಕುತ್ತಿಗೆ ಮುಟ್ಟಿ ನೋಡಿದೆ.

ದನದ ದವಾಖಾನೆಗೆ ವಾರಕ್ಕೊಮ್ಮೆ, ಗುರುವಾರ, ಡಾಕ್ಟರ್ ಮೆಹರುನ್ನಿಸಾ ಬರುತ್ತಿದ್ದರು. ಅಲ್ಲಿಗೆ ಹೋಗುವಷ್ಟರಲ್ಲಿ ಸರದಾರ ಹನ್ನೊಂದು ಸಲ ಕುಳಿತ, ನಾನೂ ಹನ್ನೊಂದು ಸಲ ಮಣೆ ಹಾಕಿದೆ. ನನ್ನ ಬೇನೆಯ ಸಂಗತಿ ಕೇಳಿಕೊಂಡು ಅವರು ಅವನ ರಕ್ತ ತೆಗೆದು ಕಳಿಸಿದರು. ಮುಂದಿನ ಗುರುವಾರ ಕಾಗದ ಹಿಡಿದು ನನ್ನ ಮುಂದೆ ಕುಳಿತರು.

“ಅಕ್ಕಾರ, ನಿಮ್ಮಂಥದs ಬ್ಯಾನಿ ಇವಂಗೂ ಐತಿ. ಕುತ್ತಿಗ್ಯಾಗಿನ ಗ್ರಂಥೀನ ಇವನ ಮೈಯೇ ತಿಂದು ಹಾಕೇತಿ. ಇದು ತಂದಿ ತಾಯಿ ಕಡಿಯಿಂದ ಬರತೈತ್ರಿ. ಸಣ್ಣಾವ ಇದ್ದಾಗ ಒಳಗ ಅಡಗಿ ಕುಂತಿರತೈತಿ, ಗೊತ್ತs ಆಗೂದಿಲ್ಲ.”

“ವಾಸಿ ಆಗೂದಿಲ್ಲೇನ್ರಿ?”

“ದಿನಾ ಗುಳಿಗಿ ಕೊಟ್ರ ಮೊದಲಿನಂಗ ಓಡತಾನ. ಆದ್ರ ನಿಮ್ಮ ಗುಳಿಗಿ ಮುರದು ಹಾಕಬ್ಯಾಡ್ರಿ ಮತ್ತ, ನಾಯೀದು ಅಳತೀನs ಬ್ಯಾರೆ, ನಾನು ಬರದು ಕೊಡತೀನಿ. ಒಂದ ಮಾತು, ಇವನಿಂದ ಮರಿ ತಗೀಬ್ಯಾಡ್ರಿ.”

ಹುಣ್ಣಿಮೆಯ ಸಂಗತಿ ಹೇಳಿದೆ. ಕಂಬಳಿ, ಇಪ್ಪತ್ತೆರಡು ಹೆಣ್ಣು, ಹಿಂದಿನ ಒಂಬತ್ತು ನಾಯಿ, ಎಲ್ಲ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ನೀವು ರೋಗಾನs ಆರಿಸಿ ಆರಿಸಿ ಬೆಳಸೀರಲ್ರೀ ಅಕ್ಕಾರ! ಈ ಇಪ್ಪತ್ತೆರಡೂ ಆದ್ರ, ಮುಂದ ನಾಕೈದು ವರ್ಷಕ್ಕ ನಿಮ್ಮೂರಾಗ ಹೊಸ್ತಿಲಾ ದಾಟೂ ನಾಯಿ ಉಳಿಯೂದಿಲ್ಲ.”

ಹೊಸ್ತಿಲು ದಾಟುವ ನಾಯಿ ಇಲ್ಲದಿದ್ದರೆ ನಾವೂ ದಾಟುವಂತಿಲ್ಲ. ಬಾವಿಯಿಲ್ಲ, ಗಿರಣಿಯಿಲ್ಲ, ತವರುಮನೆಯಿಲ್ಲ. ವಾಪಸು ಬರುವಾಗ ನನಗೆ ಅಳು ಬಂತು. ಹುಳ ಹಿಡಿದ ಕಾಳನ್ನೇ ಹುಡುಕಿ ಹುಡುಕಿ ಬಿತ್ತನೆಗೆ ಎತ್ತಿಟ್ಟವಳು ನಾನು. ನಾಯಿಗೆ ಕಾಲು ಉಳುಕಿದೆ ಎಂದು ಸುಳ್ಳು ಹೇಳಿ ಪಾರಾಗಲೇ ಅಂತಲೂ ಅನ್ನಿಸಿತು. ಆದರೆ ಸರದಾರ ಅಲ್ಲದಿದ್ದರೆ ಇನ್ನೊಂದು ಬೋಳು ಬಾಲಕ್ಕೆ ಕಂಬಳಿ ಬೀಳುತ್ತಿತ್ತು, ಅಷ್ಟೇ.

ಹುಣ್ಣಿಮೆಯ ಬೆಳಿಗ್ಗೆ ಬಾವಿಕಟ್ಟೆಯ ಸುತ್ತ ಇಡೀ ಊರು ನೆರೆದಿತ್ತು. ನೆರೆಯುವುದಕ್ಕೇ ಮಧ್ಯಾಹ್ನವಾಗುವುದರಲ್ಲಿತ್ತು ಎನ್ನಿ. ಈರಸಂಗಪ್ಪನವರು ಕಂಬಳಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕೊಡವಿ ನನ್ನ ಹೆಗಲ ಮೇಲೆ ಹೊದ್ದುಕೊಂಡೆ.

“ಏ ತಂಗೀ, ಇದೇನ ಹುಚ್ಚಾಟ?” ಎಂದು ಅವರು ಗದರಿದರು. ಜನ ಕಿಸಕ್ಕೆಂದು ನಕ್ಕರು.

“ಕಾಕಾ, ಮೊದಲು ನನಗs ಹೊದಸ್ರಿ. ಆರು ವರ್ಷ ನಾನೂ ಒಲೀ ಮುಂದ ಕುಂತಿದ್ದೆ. ನನಗೂ ಕೂದಲಾ ಉದರಿದ್ವು. ನನ್ನ ಬಾಯೂ ಬಂದ ಆಗಿತ್ತು. ಗಂಭೀರ ಹೆಂಗಸು ಅಂತ ನೀವs ಅಂದಿದ್ರಿ, ಹೌದಲ್ಲೋ? ಅದು ಗಂಭೀರ ಅಲ್ರಿ, ಬ್ಯಾನಿ. ನನ್ನ ಅವ್ವಗೂ ಅದs ಇತ್ತು. ಆಕೀಗೆ ಯಾರೂ ಗುಳಿಗಿ ಕೊಡಲಿಲ್ಲ, ಬರೇ ಹೊಗಳಿದ್ರಿ. ಇವತ್ತ ಸರದಾರಂಗೂ ಅದs ಆಗೇತಿ. ನಾವು ಕಂಬಳಿ ಹೊದಿಸಿದ ಒಂಬತ್ತಕ್ಕೂ ಅದs ಆಗಿತ್ತು. ಕಂಬಳಿ ಯಾಕ ಹೊದಸತಿದ್ವಿ ಹೇಳ್ರಿ? ಅವು ಥಂಡಿಗೆ ನಡಗತಿದ್ವು!”

ನಗು ನಿಂತಿತು. ಗುಂಪಿನ ಹೆಂಗಸರಲ್ಲಿ ಒಬ್ಬಿಬ್ಬರು ತಮ್ಮ ತುರುಬು ಮುಟ್ಟಿ ನೋಡಿಕೊಂಡರು. ಈರಸಂಗಪ್ಪನವರ ಮುಖ ಕೆಂಪಾಯಿತು.

“ಆ ಒಂಬತ್ತಕ್ಕೂ ಹೊದಿಸಿದಾಕಿ ನೀನs ಅಲ್ಲೇನು?”

“ನಾನs ಯಪ್ಪಾ. ತಪ್ಪು ನಂದs. ಅದಕ್ಕs ನಾನs ಹೇಳಾಕತ್ತೀನಿ.”

ಅವರು ಸರದಾರನ ಕಡೆ ತಿರುಗಿದರು. ಅವನು ಗಲ್ಲವನ್ನು ಕಲ್ಲಿಗೆ ಒರಗಿಸಿ ನಿದ್ದೆ ಹೋಗಿದ್ದ. “ಮೂರು ತಿಂಗಳು ಬೀಗತನ ಬಂದ್,” ಎಂದರು ಕಡೆಗೆ. “ಇಂವ ನಿನ್ನ ಗುಳಿಗೀಗೆ ಎದ್ದು ಓಡಿದರ ನೀ ಹೇಳಿದಂಗ. ಓಡಲಿಲ್ಲಂದ್ರ ಈ ಉದ್ಯೋಗ ಬ್ಯಾರೇದವರಿಗೆ. ಕಂಬಳಿನೂ ಇವಂಗs.”

ಮೊದಲ ಎರಡು ವಾರ ಏನೂ ಆಗಲಿಲ್ಲ. ದಾರಿಯಲ್ಲಿ ಕಂಡವರೆಲ್ಲ “ಶರಣರ ಗುಳಿಗಿ ಆತೇನವ್ವಾ?” ಎಂದು ಕೇಳಿ ಹಲ್ಲು ಕಿರಿಯುತ್ತಿದ್ದರು. ಮೂರನೆಯ ವಾರ, ನಾನು ರೊಟ್ಟಿ ತಟ್ಟುವಾಗ ಅವನ ಬೋಳು ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ನಾಲ್ಕನೆಯ ವಾರ ಒಲೆ ಬಿಟ್ಟು ಜಗುಲಿಗೆ ಬಂದ. ಡಾಕ್ಟರಮ್ಮ ಮತ್ತೊಮ್ಮೆ ರಕ್ತ ನೋಡಿ ಗುಳಿಗೆಯ ಅಳತೆ ಸರಿಮಾಡಿದರು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಎಡಗಾಲಿನ ಚಪ್ಪಲಿ ಕಾಣಲಿಲ್ಲ. ಹಿತ್ತಲಿನಲ್ಲಿ ಅದನ್ನು ಚೂರುಚೂರು ಮಾಡಿಟ್ಟು, ಪಕ್ಕದಲ್ಲಿ ಅವನು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಆ ಚೂರುಗಳನ್ನು ಉಡಿಯಲ್ಲಿ ತುಂಬಿಕೊಂಡು ನಾನು ಮನಸಾರೆ ಅತ್ತೆ.

ಮೂರು ತಿಂಗಳು ತುಂಬಿದ್ದು ಒಂದು ಗುರುವಾರ. ಹಗ್ಗವನ್ನು ತಾವೇ ಹಿಡಿಯುತ್ತೇನೆಂದು ಈರಸಂಗಪ್ಪನವರು ಬಂದರು. ಕಂಕುಳಲ್ಲಿ ಮಣೆ, ಜೇಬಿನ ತುಂಬ ಶೇಂಗಾ. ಬಸ್‌ಸ್ಟ್ಯಾಂಡಿಗೆ ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಾವಿಕಟ್ಟೆಗೆ ಮರಳಬೇಕು, ಅದೇ ಪರೀಕ್ಷೆ. ಸರದಾರನ ಬಾಲದ ತುದಿಯಲ್ಲಿ ಆಗಷ್ಟೇ ಅರಳೆಯಂಥ ಬಿಳಿ ಕೂದಲು ಮೂಡಿತ್ತು.

“ಬಸ್‌ಸ್ಟ್ಯಾಂಡ್,” ಎಂದರು ಈರಸಂಗಪ್ಪನವರು, ಮಣೆ ಹಾಕಲು ಜಾಗ ನೋಡುತ್ತ.

ಜಾಗ ನೋಡಿದ್ದಷ್ಟೇ. ಹಗ್ಗ ಬಿಗಿಯಿತು. ಅರವತ್ತು ದಾಟಿದ ಹಿರೀಕರು ಒಂದು ಕೈಯಲ್ಲಿ ಧೋತರ ಎತ್ತಿ ಹಿಡಿದು “ಏ! ಏ! ತಡಿಯೋ!” ಎನ್ನುತ್ತ ಓಣಿಯ ತಿರುವಿನಲ್ಲಿ ಕಣ್ಮರೆಯಾದರು. ಮಣೆ ಮೊದಲ ತಿರುವಿನಲ್ಲೇ ಬಿತ್ತು. ಶೇಂಗಾ ದಾರಿಯುದ್ದಕ್ಕೂ ಚೆಲ್ಲಿತು. ನಾವು ಕಟ್ಟೆಯ ಬದಿಗೆ ಒಲೆ ಹೂಡಿ ಕುಳಿತೆವು. ಚಹಾಕ್ಕೆಂದು ಇಟ್ಟ ನೀರು ಕುದಿ ಬಂದಿತ್ತು, ಇನ್ನೂ ಪುಡಿ ಹಾಕಿರಲಿಲ್ಲ, ಅಷ್ಟರಲ್ಲಿ ಇನ್ನೊಂದು ಓಣಿಯಿಂದ ಮೊದಲು ಸರದಾರ ಬಂದ, ಅವನ ಹಿಂದೆ ಈರಸಂಗಪ್ಪನವರು, ಅವರ ಹಿಂದೆ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಚಪ್ಪಲಿ ಹಿಡಿದುಕೊಂಡು ಡಾಕ್ಟರಮ್ಮ. ಊರಿಗೆ ಊರೇ ಕೇಕೆ ಹಾಕಿತು. ನಾನು ಹಾಕಿದ ಕೇಕೆಗೆ ಮೂರು ದಿನ ಗಂಟಲು ಕಟ್ಟಿತ್ತು.

ಈರಸಂಗಪ್ಪನವರು ಕಟ್ಟೆ ಹಿಡಿದು ಏದುಸಿರು ಬಿಟ್ಟರು. ಬೈಯುತ್ತಾರೆಂದುಕೊಂಡೆ. ಅವರು ನಗತೊಡಗಿದರು. “ಇಪ್ಪತ್ತು ವರ್ಷ ಆಗಿತ್ತು ನೋಡವ್ವಾ ನಾ ಓಡಿ,” ಎಂದರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, “ಬಾಯಾರ, ನಮ್ಮ ಮನೀ ನಾಯೀದೂ ರಗತಾ ತಗೀರಿ,” ಎಂದರು.

ಅಲ್ಲಿಂದ ಮುಂದೆ ಸಲೀಸಾಗಿ ಹೋಯಿತು ಎಂದರೆ ಸುಳ್ಳಾದೀತು. ನಲವತ್ತಾರು ನಾಯಿಗಳ ರಕ್ತ ನೋಡಿದರೆ ಹತ್ತೊಂಬತ್ತಕ್ಕೆ ಬೇನೆ. ಕೆಲವು ಮನೆಯವರು ನಾಯಿಯನ್ನೇ ಬಚ್ಚಿಟ್ಟರು. ‘ನಮ್ಮ ವಂಶದಾಗ ಅಂಥಾದ್ದೇನೂ ಇಲ್ಲ’ ಎಂದು ಬಾಗಿಲು ಹಾಕಿದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾನೂ ನನ್ನ ಗುಳಿಗೆಯ ಡಬ್ಬಿಯನ್ನು ಬೀಗರ ಕಣ್ಣಿಗೆ ಬೀಳದಂತೆ ಜೋಳದ ಗಡಿಗೆಯಲ್ಲಿ ಇಟ್ಟವಳೇ. ಒಂದು ದಿನ ಬಾವಿಕಟ್ಟೆಗೆ ಕತ್ತರಿ ತಂದು ಆ ಕೆಂಪು ಕಂಬಳಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿದೆ. ಮೊದಲ ಪಟ್ಟಿ ಸರದಾರನ ಕೊರಳಿಗೆ ಕಟ್ಟಿದೆ. ಪಟ್ಟಿ ಇದ್ದ ನಾಯಿಗೆ ದಿನಾ ಗುಳಿಗೆ, ಎಲ್ಲರ ಅಕ್ಕರೆ, ದಾರಿ ತೋರಿಸುವ ಕೆಲಸ ಎಲ್ಲ ಉಂಟು, ಬೀಗತನ ಮಾತ್ರ ಇಲ್ಲ ಎಂದೆ. ಅಜ್ಜನ ಕಾಲದ ಕಂಬಳಿ ಕಣ್ಣೆದುರೇ ಚೂರಾದದ್ದನ್ನು ಈರಸಂಗಪ್ಪನವರು ನೋಡುತ್ತ ನಿಂತಿದ್ದರು. ನಂತರ ಒಂದು ಪಟ್ಟಿಗೆ ಕೈ ಚಾಚಿದರು. ಅವರ ನಾಯಿಗೂ ಬೇನೆ ಇತ್ತು. ಅವರು ಪಟ್ಟಿ ಕಟ್ಟಿದ ಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.

ಮತ್ತೆ ಮರಿ ಯಾರಿಂದ? ಕಸಬರಿಗೆ ಕಟ್ಟಿ ಮಾರುವ ದುರ್ಗವ್ವನ ಹತ್ತಿರ ಗದ್ದಲ ಎಂಬ ನಾಯಿ ಇತ್ತು. ಹೆಸರಿಗೆ ತಕ್ಕ ನಾಯಿ. ಆರು ವರ್ಷವಾದರೂ ಹಿರೇತನ ಬಂದಿರಲಿಲ್ಲ. ಅವನ ತಾಯಿ ಒಂಬತ್ತು ವರ್ಷದ ಮುದುಕಿ, ಇನ್ನೂ ಕೋಳಿ ಅಟ್ಟಿಸಿಕೊಂಡು ಓಡುತ್ತಿದ್ದಳು. ಚೆಲ್ಲು ವಂಶವೆಂದು ನಾನು ಮೂರು ಸಲ ಅವರ ಮನೆಯ ಸಂಬಂಧ ಬೇಡ ಎಂದಿದ್ದೆ. ತಾಯಿ ಮಗ ಇಬ್ಬರ ರಕ್ತವೂ ಚೊಕ್ಕವಾಗಿತ್ತು. ಸಕ್ಕರೆ ಹಿಡಿದು ಅವಳ ಬಾಗಿಲಿಗೆ ಹೋದೆ.

“ಬಾರವ್ವಾ ಬಾ. ಮೂರು ಸಲ ಒಲ್ಲೆ ಅಂದಾಕಿ, ಇವತ್ತೇನು ದಾರಿ ತಪ್ಪಿ ಬಂದಿ?”

“ದಾರಿ ಎಲ್ಲಿ ತಪ್ಪತೈತಿ ದುರ್ಗವ್ವಾ, ಸರದಾರ ಕರಕೊಂಡು ಬಂದಾನ. ತಪ್ಪಿದಾಕಿ ನಾನು.”

ಅವಳು ನನ್ನನ್ನು ಹೊಸ್ತಿಲ ಹೊರಗೆ ಒಂದಿಷ್ಟು ಹೊತ್ತು ನಿಲ್ಲಿಸಿದಳು. ಅದು ಅವಳ ಹಕ್ಕು. ಆಮೇಲೆ ಸಕ್ಕರೆ ತೆಗೆದುಕೊಂಡು ಮೊದಲ ಚಿಟಿಕೆ ನನ್ನ ಬಾಯಿಗೇ ಹಾಕಿದಳು.

ಗದ್ದಲನಿಗೆ ಇಡೀ ಊರನ್ನು ಗಂಟುಹಾಕಲು ಡಾಕ್ಟರಮ್ಮ ಬಿಡಲಿಲ್ಲ. “ಒಬ್ಬನs ಗಂಡಿಗೆ ಎಲ್ಲಾರೂ ಬೆನ್ನ ಹತ್ತಿದ್ರ ಹತ್ತು ವರ್ಷಕ್ಕ ಮತ್ತೊಂದು ರೋಗ ಹಿಡಕೊಂಡು ಕೂಡ್ತೀರಿ,” ಎಂದರು. ನಾಲ್ಕು ಗಂಡುಗಳನ್ನು ಆರಿಸಿದೆವು. ಐದು ತುಂಬದೆ ಗಂಡಿಗೆ ಬೀಗತನವಿಲ್ಲ. ರಕ್ತ ತೋರಿಸದೆ ಹೆಣ್ಣಿಗೂ ಇಲ್ಲ. ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಬೇನೆ ಕಂಡರೆ ಬೀಗರಿಗೆಲ್ಲ ಹೇಳಿ ಕಳಿಸಬೇಕು. ಎರಡು ವರ್ಷ ಮರಿಗಳು ಸಾಲದೇ ಹೋದವು. ನನ್ನ ತಂಗಿಯ ಮಗಳೇ ಬರಿಗೈಯಲ್ಲಿ ಗಂಡನ ಮನೆಗೆ ಹೋದಳು, ನೆರೆಮನೆಯ ನಾಯಿಗಾಗಿ ಕಾದು ಕಾದು ನೀರು ತಂದಳು. ನನ್ನನ್ನು ಬೈದಳು. ಬೈಸಿಕೊಂಡೆ.

ಆ ಮೊದಲ ಮರಿಗಳಿಗೆ ಈ ವರ್ಷ ಐದು ತುಂಬಿತು. ಮೂವತ್ತೊಂದು ನಾಯಿಗಳು. ಮರಿಗಳಾಗಿದ್ದಾಗ ಅಷ್ಟಕ್ಕೂ ದಾರಿ ಮೂಸುವುದನ್ನು ಕಲಿಸಿದವನು ಸರದಾರ. ಅವನದೆಂಬ ಒಂದು ಮರಿ ಈ ಊರಿನಲ್ಲಿಲ್ಲ, ಅವನ ಹಿಂದೆ ಓಡದ ಮರಿಯೂ ಇಲ್ಲ. ಮೊನ್ನೆ ಎಲ್ಲದರ ರಕ್ತ ನೋಡಿದರು. ಮೂವತ್ತು ಚೊಕ್ಕ. ಒಂದಕ್ಕೆ ಬೇನೆ ಕಂಡಿತು. ಆ ನಾಯಿಯ ಯಜಮಾನ ಅದೇ ಸಂಜೆ ತಾನಾಗಿ ನಮ್ಮ ಮನೆಗೆ ಬಂದು, “ಅಕ್ಕಾ, ಒಂದು ಪಟ್ಟಿ ಕೊಡ್ರಿ. ಬೀಗರಿಗೆ ಹೇಳಿ ಬಂದೀನಿ,” ಎಂದ. ಮೂವತ್ತಕ್ಕಿಂತ ಆ ಒಂದು ನನಗೆ ಹೆಚ್ಚು ಸಂತೋಷ ಕೊಟ್ಟಿತು.

ನಿನ್ನೆ ಹುಣ್ಣಿಮೆ. ಬಾವಿಕಟ್ಟೆಗೆ ಊರು ನೆರೆಯಬೇಕಿತ್ತು. ಸೂರ್ಯ ಗಿರಣಿಯ ಸೂರು ದಾಟುವ ಮೊದಲೇ ಎಲ್ಲ ಓಣಿಗಳಿಂದಲೂ ನಾಯಿಗಳು ಜನರನ್ನು ಎಳೆದುಕೊಂಡು ಬಂದವು. ಅಕ್ಕೋರು, ಗಾಣದ ಸೊಸೆ, ದುರ್ಗವ್ವ ಎಲ್ಲರೂ ಏದುಸಿರು ಬಿಡುತ್ತ, ಒಬ್ಬರನ್ನೊಬ್ಬರು ನೋಡಿ ನಗುತ್ತ ನಿಂತರು. ಯಾರ ಕೈಯಲ್ಲೂ ಮಣೆ ಇರಲಿಲ್ಲ. ಈರಸಂಗಪ್ಪನವರು ಮಾತ್ರ ಒಂದು ತಂದಿದ್ದರು. ಅಂದು ಓಣಿಯಲ್ಲಿ ಬಿದ್ದ ಅದೇ ಮಣೆ. ಅದನ್ನು ನನ್ನ ಕೈಗಿಟ್ಟು, “ಇಟಗೋ ತಂಗೀ, ನನಗ ಕೂಡಾಕ ಪುರಸೊತ್ತಿಲ್ಲ,” ಎಂದರು.

ಈ ಹೊತ್ತು ಬೆಳಿಗ್ಗೆ ಅದರ ಮೇಲೆ ಕುಳಿತೇ ಗುಳಿಗೆ ತೆಗೆದುಕೊಂಡೆ. ಡಬ್ಬಿ ಈಗ ಜೋಳದ ಗಡಿಗೆಯಲ್ಲಿಲ್ಲ, ಎಲ್ಲರಿಗೂ ಕಾಣುವಂತೆ ಗೂಡಿನಲ್ಲಿದೆ, ಪಕ್ಕದಲ್ಲಿ ಸರದಾರನದು. ನನ್ನದು ನಾನು ನುಂಗಿದೆ, ಅವನದು ಅವನಿಗೆ ಕೊಟ್ಟೆ. ಹತ್ತು ವರ್ಷದ ಮುದುಕ. ನಾನು ಲೋಟ ಕೆಳಗಿಡುವಷ್ಟರಲ್ಲಿ ಬಾಯಲ್ಲಿ ಹಗ್ಗ ಕಚ್ಚಿಕೊಂಡು ಹೊಸ್ತಿಲ ಮೇಲೆ ನಿಂತಿದ್ದ. ಕೊರಳಲ್ಲಿ ಕೆಂಪು ಪಟ್ಟಿ, ಬಾಲದ ತುದಿಯಲ್ಲಿ ಬಿಳಿ ಕುಚ್ಚು.

“ತಡಿಯೋ ನಮ್ಮಪ್ಪಾ, ಸೆರಗ ಕಟಗೋತೀನಿ,” ಎಂದೆ.

ಅವನು ತಡೆಯಲಿಲ್ಲ.